ಅಡುಗೆ ಕಟ್ಟೆಗೆ ಬೇಜ್ ಕ್ವಾರ್ಟ್ಜ್: ಯಾರಿಗೆ ಸರಿ, ಯಾರಿಗೆ ಬೇಡ

ಬೆಂಗಳೂರಿನಲ್ಲಿ ಹೊಸದಾಗಿ ಮನೆ ಕಟ್ಟಿಸುವವರು, ಫ್ಲಾಟ್‌ಗೆ ಇಂಟೀರಿಯರ್ ಮಾಡಿಸುವವರು ಅಡುಗೆ ಕಟ್ಟೆಯ ಹತ್ತಿರ ಬಂದು ನಿಂತುಬಿಡುತ್ತಾರೆ. ಮಾವನವರು 'ಗ್ರಾನೈಟ್ ಹಾಕ್ಸಿ, ಮೂವತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ' ಅನ್ನುತ್ತಾರೆ. ಡಿಸೈನರ್ 'ಬೇಜ್ ಕ್ವಾರ್ಟ್ಜ್ ಹಾಕಿ ಮೇಡಂ, ಕಿಚನ್ ಎದ್ದು ಕಾಣುತ್ತೆ' ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಬಿಸಿ ಬಾಣಲೆಯನ್ನು ಎಲ್ಲಿ ಇಳಿಸುತ್ತೀರಿ, ತೆಂಗಿನಕಾಯಿ ಎಲ್ಲಿ ಒಡೆಯುತ್ತೀರಿ, ನಲ್ಲಿಯಲ್ಲಿ ಬರುವುದು ಕಾವೇರಿ ನೀರಾ ಬೋರ್ ನೀರಾ ಅಂತ ಇಬ್ಬರೂ ಕೇಳಿರುವುದಿಲ್ಲ. ಕಲ್ಲು ಆರಿಸುವುದು ಈ ಪ್ರಶ್ನೆಗಳಿಂದ ಶುರುವಾಗಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೇಜ್ ಅಂದರೆ ತಿಳಿ ಮರಳಿನ ಬಣ್ಣ. ಬಣ್ಣದ ಲೆಕ್ಕದಲ್ಲಿ ನಮ್ಮ ಅಡುಗೆಮನೆಗೆ ಅದರಷ್ಟು ಹೊಂದಿಕೊಳ್ಳುವ ಬಣ್ಣ ಇನ್ನೊಂದಿಲ್ಲ. ಕಲ್ಲಿನ ಲೆಕ್ಕದಲ್ಲಿ ಕ್ವಾರ್ಟ್ಜ್ ಒಳ್ಳೆಯದೇ, ಆದರೆ ಅದು ಜಾಸ್ತಿ ಬಿಸಿ ತಡೆಯುವುದಿಲ್ಲ. ಆ ಒಂದು ವಿಷಯವನ್ನು ನಿಮ್ಮ ಮನೆಯವರು ನಿಭಾಯಿಸುತ್ತಾರೆ ಅನ್ನುವುದಾದರೆ ಧೈರ್ಯವಾಗಿ ಹಾಕಿಸಿ. ಅನುಮಾನ ಇದ್ದರೆ ಬೇಜ್ ಬಣ್ಣದಲ್ಲೇ ಬೇರೆ ದಾರಿಗಳಿವೆ, ಅದನ್ನೂ ಹೇಳುತ್ತೇನೆ.

ಕ್ವಾರ್ಟ್ಜ್ ಅಂದರೆ ಏನು

ಇದು ಗಣಿಯಿಂದ ಕೊಯ್ದು ತಂದ ಕಲ್ಲಲ್ಲ, ಕಾರ್ಖಾನೆಯಲ್ಲಿ ಮಾಡಿದ್ದು. ಹೊಲದ ಬದುವಿನಲ್ಲಿ ಬೆಳ್ಳಗೆ ಹೊಳೆಯುವ ಬೆಣಚುಕಲ್ಲು ನೋಡಿರುತ್ತೀರಿ, ಅದೇ ಇದರ ಮೂಲ. ಅದನ್ನು ಪುಡಿ ಮಾಡಿ, ಪಾಲಿಯೆಸ್ಟರ್ ರೆಸಿನ್ (ಪುಡಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಥರದ ಅಂಟು) ಮತ್ತು ಬಣ್ಣ ಸೇರಿಸಿ, ಗಾಳಿ ತೆಗೆದು, ಅದುರಿಸಿ ಒತ್ತಿ, ಆಮೇಲೆ ಕಾಯಿಸಿ ಗಟ್ಟಿ ಮಾಡುತ್ತಾರೆ. ತೂಕದಲ್ಲಿ ಸುಮಾರು ಶೇ 90ರಷ್ಟು ಕಲ್ಲು, ಉಳಿದಿದ್ದು ರೆಸಿನ್ ಮತ್ತು ಬಣ್ಣ. ಈ ವಿಧಾನ ಇಟಲಿಯ ಬ್ರೆಟನ್ ಕಂಪನಿಯಿಂದ ಬಂದದ್ದು. ಈಗ ಆಂಧ್ರ, ತೆಲಂಗಾಣದಲ್ಲೇ ದೊಡ್ಡ ಕಾರ್ಖಾನೆಗಳಿವೆ, ಅಲ್ಲಿಂದ ಅಮೆರಿಕಕ್ಕೂ ಹೋಗುತ್ತದೆ.

ಇದರ ಒಳ್ಳೆಯದು, ಕೆಟ್ಟದ್ದು ಎಲ್ಲ ಈ ಮಿಶ್ರಣದಿಂದಲೇ ಬರುತ್ತದೆ. ಕಲ್ಲಿನ ಪಾಲು ಜಾಸ್ತಿ ಇರುವುದರಿಂದ ಸುಲಭಕ್ಕೆ ಗೀರು ಬೀಳುವುದಿಲ್ಲ. ಬೆಣಚಿನ ಗಡಸುತನ 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ 7, ಅಡುಗೆಮನೆಯ ಚಾಕು ಅದಕ್ಕಿಂತ ಮೆದು. ರೆಸಿನ್ ಎಲ್ಲ ಸಂದುಗಳನ್ನೂ ತುಂಬಿರುವುದರಿಂದ ನೀರು, ಎಣ್ಣೆ ಒಳಗೆ ಇಳಿಯುವುದಿಲ್ಲ. ಸೀಲರ್ (ಕಲ್ಲು ಹೀರದಂತೆ ಹಚ್ಚುವ ದ್ರಾವಣ) ಹೊಡೆಸುವ ಕೆಲಸವೇ ಇಲ್ಲ. ಆದರೆ ಅದೇ ರೆಸಿನ್ ಜಾಸ್ತಿ ಬಿಸಿಗೆ ಕಂದುತ್ತದೆ, ವರ್ಷಗಟ್ಟಲೆ ನೇರ ಬಿಸಿಲು ಬಿದ್ದರೆ ಹಳದಿಯಾಗುತ್ತದೆ.

ಬಿಸಿಯ ಲೆಕ್ಕ

ಅಂಗಡಿಯವರು 'ಹೀಟ್ ರೆಸಿಸ್ಟೆಂಟ್ ಸಾರ್' ಅಂದರೆ ಸುಮ್ನೆ ತಲೆಯಾಡಿಸಬೇಡಿ. ಸಾಮಾನ್ಯವಾಗಿ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ ರೆಸಿನ್‌ಗೆ ಪೆಟ್ಟು ಬೀಳಲು ಶುರು. ಈಗ ನಮ್ಮ ಅಡುಗೆ ನೋಡಿ. ವಿಸಿಲ್ ಹೊಡೆಯುವ ಕುಕ್ಕರ್ ಒಳಗೆ ಸುಮಾರು 120 ಡಿಗ್ರಿ. ಚಕ್ಕುಲಿ, ಬೋಂಡಾ ಕರಿಯುವ ಎಣ್ಣೆ 170ರಿಂದ 190. ಕಾದ ದೋಸೆ ಕಾವಲಿ 200 ದಾಟಿರುತ್ತದೆ. ಅಂದರೆ ಕುಕ್ಕರ್ ಅಂಚಿನಲ್ಲಿ ಪಾರಾಗಬಹುದು. ಬಾಣಲೆ, ಕಾವಲಿ ಆಗುವುದೇ ಇಲ್ಲ.

ಒಂದು ಸಲ ಇಟ್ಟ ಕೂಡಲೇ ಏನೂ ಆಗದೇ ಇರಬಹುದು. ಹಾಗಾಗಿಯೇ ಜನ ಧೈರ್ಯ ತಂದುಕೊಳ್ಳುತ್ತಾರೆ. ದಿನಾ ಒಂದೇ ಜಾಗಕ್ಕೆ ಬಿಸಿ ಪಾತ್ರೆ ಇಳಿಸುತ್ತಾ ಹೋದರೆ ಅಲ್ಲಿ ಮೊದಲು ಹೊಳಪು ಹೋಗುತ್ತದೆ, ಆಮೇಲೆ ಮಾಸಿದ ಉಂಗುರ ಕಾಣುತ್ತದೆ. ಅದು ಕಲೆಯಲ್ಲ, ಸುಟ್ಟದ್ದು. ಯಾವ ಪುಡಿ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಒಂದು ಕಡೆ ಮಾತ್ರ ತಟಕ್ಕನೆ ಕಾದರೆ ಬಿರುಕು ಬಿಡುವುದೂ ಉಂಟು, ಅದರಲ್ಲೂ ಹಾಬ್ (ಕಟ್ಟೆಯೊಳಗೆ ಹುದುಗಿಸುವ ಒಲೆ) ಕೂರಿಸಲು ಕೊಯ್ದ ಮೂಲೆಗಳಲ್ಲಿ. ವಾರಂಟಿ ಕಾರ್ಡನ್ನು ಪೂರ್ತಿ ಓದಿ. ಬಿಸಿಯಿಂದಾದ ಹಾನಿ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಮರದ ಮಣೆ, ಸ್ಟೀಲ್ ಸ್ಟ್ಯಾಂಡ್, ಹಳೇ ಕಾಲದ ಸಿಂಬೆ, ಯಾವುದಾದರೂ ಸರಿ. ಆದರೆ ಅದು ಒಲೆ ಪಕ್ಕದಲ್ಲೇ ಯಾವಾಗಲೂ ಬಿದ್ದಿರಬೇಕು. ಡ್ರಾಯರ್ ಒಳಗಿದ್ದರೆ ಇದ್ದೂ ಇಲ್ಲದ ಹಾಗೆ. ಮನೆಯಲ್ಲಿ ಅಮ್ಮ, ಅತ್ತೆ, ಅಡುಗೆಗೆ ಬರುವ ಅಕ್ಕ ಅಂತ ಮೂರು ಕೈ ಆಡುವುದಾದರೆ ಈ ಶಿಸ್ತು ನಡೆಯುತ್ತಾ ಅಂತ ಪ್ರಾಮಾಣಿಕವಾಗಿ ಯೋಚಿಸಿ.

ನನಗೆ ಇಷ್ಟವಾದ ಇನ್ನೊಂದು ದಾರಿ ಇದೆ. ಒಲೆ ಇರುವ ಭಾಗ ಮತ್ತು ಅದರ ಎಡಬಲ ಒಂದೂವರೆ ಅಡಿಗೆ ಕಪ್ಪು ಇಲ್ಲವೇ ಕಂದು ಗ್ರಾನೈಟ್, ಮಿಕ್ಕಿದ್ದೆಲ್ಲ ಬೇಜ್ ಕ್ವಾರ್ಟ್ಜ್. ಬೇಕಂತಲೇ ಮಾಡಿದ ಡಿಸೈನ್ ಥರ ಕಾಣುತ್ತದೆ, ಬಿಸಿ ಬಾಣಲೆಗೂ ಜಾಗ ಸಿಗುತ್ತದೆ. ಒಂದೇ ಎಚ್ಚರ: ಗ್ರಾನೈಟ್ ಸಾಮಾನ್ಯವಾಗಿ 16ರಿಂದ 18 ಎಂ.ಎಂ. ದಪ್ಪ ಬರುತ್ತದೆ, ಕ್ವಾರ್ಟ್ಜ್ 15 ಅಥವಾ 20. ಎರಡರ ಮೇಲ್ಮೈ ಒಂದೇ ಮಟ್ಟಕ್ಕೆ ಬರಬೇಕು ಅಂತ ಕೂರಿಸುವವರಿಗೆ ಮೊದಲೇ ಹೇಳಿ. ಆಮೇಲೆ ಹೇಳಿದರೆ ಸಂದಿಯಲ್ಲಿ ಜೀವನಪೂರ್ತಿ ಕಸ ಕೂರುತ್ತದೆ.

ಗ್ರಾನೈಟ್ ಎದುರು ನಿಲ್ಲಿಸಿದರೆ

ಕರ್ನಾಟಕದವರಿಗೆ ಗ್ರಾನೈಟ್ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಇಳಕಲ್‌ನ ಕೆಂಪು, ಚಾಮರಾಜನಗರದ ಕಪ್ಪು ಹೊರದೇಶಕ್ಕೆಲ್ಲ ಹೋಗುತ್ತವೆ. ಜಿಗಣಿ ಕಡೆ ಹೋದರೆ ಸಾಲುಸಾಲು ಗ್ರಾನೈಟ್ ಅಂಗಳಗಳು. ಬಿಸಿಗೆ ಹೆದರದ ಕಲ್ಲು, ಬೆಲೆಯೂ ಸಾಮಾನ್ಯವಾಗಿ ಕಡಿಮೆ, ಕೆಲಸ ಗೊತ್ತಿರುವ ಮೇಸ್ತ್ರಿಗಳು ಬೀದಿಗೊಬ್ಬರು.

ಹಾಗಾದರೆ ಕ್ವಾರ್ಟ್ಜ್ ಯಾಕೆ? ಒಂದು ಕಾರಣ ನೀರು. ಬೋರ್ ನೀರು, ಟ್ಯಾಂಕರ್ ನೀರು ಬರುವ ಬಡಾವಣೆಗಳಲ್ಲಿ ಕಪ್ಪು ಗ್ರಾನೈಟ್ ಹಾಕಿಸಿಕೊಂಡವರನ್ನು ಕೇಳಿ ನೋಡಿ. ನಲ್ಲಿಯ ಬುಡದಲ್ಲಿ, ಸಿಂಕ್ ಸುತ್ತ ಬಿಳಿ ಪದರ. ಒರೆಸಿದಷ್ಟೂ ಮತ್ತೆ ಬರುತ್ತದೆ. ಅದು ನೀರಿನಲ್ಲಿರುವ ಸುಣ್ಣದಂಶ. ಬೇಜ್ ಕಲ್ಲಿನ ಮೇಲೂ ಅದು ಕೂರುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಬೆಳಿಗ್ಗೆ ತಿಂಡಿ ಗಡಿಬಿಡಿಯಲ್ಲಿ ಚೆಲ್ಲಿದ ರವೆ, ಅಕ್ಕಿ ಹಿಟ್ಟು, ಒಣಗಿದ ಹಾಲಿನ ಹನಿ ಕಪ್ಪಿನ ಮೇಲೆ ಕಣ್ಣಿಗೆ ಹೊಡೆಯುತ್ತವೆ, ಅಪ್ಪಟ ಬಿಳಿಯ ಮೇಲೆ ಸಾಸಿವೆ, ಕಾಫಿ, ಕಡ್ಡಿಕಸ ಹೊಡೆಯುತ್ತದೆ. ಬೇಜ್ ಎರಡನ್ನೂ ನುಂಗಿಕೊಳ್ಳುತ್ತದೆ. ಸಣ್ಣ ಚುಕ್ಕೆ ಇರುವ ಬೇಜ್ ಆದರಂತೂ ಇನ್ನೂ ಆರಾಮ. (ಜಿರಳೆ, ಇರುವೆ ಕಾಣಬೇಕು ಅನ್ನುವವರಿಗೆ ಇದೇ ಒಂದು ದೋಷ.)

ಇನ್ನೊಂದು ಕಾರಣ, ತಿಳಿ ಬಣ್ಣದ ಗ್ರಾನೈಟ್‌ಗಳ ಸ್ವಭಾವ. ಬೇಜ್ ಬೇಕು ಅಂತ ಗ್ರಾನೈಟ್ ಅಂಗಡಿಗೆ ಹೋದರೆ ತಮಿಳುನಾಡಿನ ಶಿವಕಾಶಿ, ಕಾಶ್ಮೀರ್ ಗೋಲ್ಡ್ ಥರದ್ದನ್ನು ತೋರಿಸುತ್ತಾರೆ. ನೋಡಲು ಚಂದ, ಕಂದು ಅಲೆಗಳಿರುತ್ತವೆ. ಆದರೆ ಒತ್ತಾದ ಕಪ್ಪು ಗ್ರಾನೈಟ್‌ಗಿಂತ ಇವು ನೀರು, ಎಣ್ಣೆ ಜಾಸ್ತಿ ಹೀರುತ್ತವೆ. ಎಣ್ಣೆ ಡಬ್ಬಿ ಇಡುವ ಜಾಗದಲ್ಲಿ ಕಪ್ಪು ಉಂಗುರ ಕೂತರೆ ತೆಗೆಯುವುದು ತಲೆನೋವು. ಸೀಲರ್ ಹಚ್ಚಿಸಬೇಕು, ಮತ್ತೆ ಮತ್ತೆ ಹಚ್ಚಿಸುತ್ತಿರಬೇಕು. ಇದನ್ನು ಪರೀಕ್ಷಿಸುವುದು ಸುಲಭ. ತುಂಡೊಂದನ್ನು ಮನೆಗೆ ತನ್ನಿ, ನೀರಿನ ಹನಿ ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಒರೆಸಿದ ಮೇಲೆ ಜಾಗ ಕಪ್ಪಗೆ ಕಂಡರೆ ಆ ಕಲ್ಲು ಹೀರುತ್ತಿದೆ ಅಂತ ಅರ್ಥ.

ವಾಸ್ತು ನೋಡುವ ಮನೆಗಳಲ್ಲಿ ಅಡುಗೆ ಕಟ್ಟೆಗೆ ಕಪ್ಪು ಬೇಡ ಅನ್ನುತ್ತಾರೆ. ತಿಳಿ ಬಣ್ಣದ ಕಲ್ಲಿಗೆ ಬೇಡಿಕೆ ಬರಲು ಅದೂ ಒಂದು ಕಾರಣ. ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆದರೆ ಮನೆಯ ಹಿರಿಯರ ಜೊತೆ ಜಗಳ ತಪ್ಪಿಸಲು ಬೇಜ್ ಒಳ್ಳೆಯ ರಾಜಿ ಸೂತ್ರ, ಅಲ್ವಾ?

ಮಿಕ್ಕವುಗಳ ಬಗ್ಗೆ ಬೇಗ ಬೇಗ

ಮಾರ್ಬಲ್ ಅಡುಗೆ ಕಟ್ಟೆಗೆ ಬೇಡವೇ ಬೇಡ. ಹುಣಸೆ ಹುಳಿ, ನಿಂಬೆ, ಮೊಸರು ಬಿದ್ದ ಕಡೆಯೆಲ್ಲ ಹೊಳಪು ತಿಂದುಹಾಕುತ್ತದೆ. ಹಳೇ ಮನೆಗಳಲ್ಲಿರುವ ಕಡಪ ಕಲ್ಲೂ ಸುಣ್ಣದ ಕಲ್ಲೇ, ಹುಳಿಗೆ ಅದೇ ಗತಿ. ಕಟ್ಟೆಯ ಕೆಳಗಿನ ಅಡ್ಡ ಹಲಗೆಗಳಿಗೆ ಅದು ಈಗಲೂ ಸರಿ.

ನ್ಯಾನೋ ವೈಟ್ ಅಂತ ಬರುವುದು ಗಾಜಿನ ಜಾತಿಯ ವಸ್ತು. ಬೆಳ್ಳಗೆ ಫಳಫಳ ಅನ್ನುತ್ತದೆ. ಅಂಚು ಚಕ್ಕೆ ಎದ್ದರೆ ಬಹಳ ಎದ್ದು ಕಾಣುತ್ತದೆ. ಕೆಲವು ಕಡೆ ಇದನ್ನೇ ಕ್ವಾರ್ಟ್ಜ್ ಅಂತ ಹೇಳಿ ಮಾರುತ್ತಾರೆ, ಹುಷಾರು.

ಕ್ವಾರ್ಟ್ಜ್‌ಗೆ ನಿಜವಾದ ಪೈಪೋಟಿ ಕೊಡುತ್ತಿರುವುದು ಗುಜರಾತಿನ ಮೋರ್ಬಿಯಿಂದ ಬರುವ ಪೋರ್ಸಲೀನ್ ಸ್ಲ್ಯಾಬ್‌ಗಳು. 15 ಎಂ.ಎಂ. ದಪ್ಪ, 800 ಎಂ.ಎಂ. ಅಗಲ, ಎಂಟು ಅಡಿ ಅಥವಾ ಅದಕ್ಕಿಂತ ಉದ್ದ. ಕಿಚನ್ ಟಾಪ್ ಅಂತಲೇ ಕೇಳಿದರೆ ತೋರಿಸುತ್ತಾರೆ. ಇದನ್ನು ಭಾರೀ ಬಿಸಿಯಲ್ಲಿ ಸುಟ್ಟು ಮಾಡುವುದರಿಂದ ರೆಸಿನ್ ಇರುವುದಿಲ್ಲ. ಕಾವಲಿಯ ಬಿಸಿಗೂ ಹೆದರುವುದಿಲ್ಲ, ಬಿಸಿಲಿಗೂ ಹೆದರುವುದಿಲ್ಲ. ಬೇಜ್‌ನಲ್ಲೂ ಬೇಕಾದಷ್ಟು ಬಣ್ಣಗಳಿವೆ. ಆದರೆ ಬಹುತೇಕ ಸ್ಲ್ಯಾಬ್‌ಗಳಲ್ಲಿ ಮೇಲಿನ ಚಿತ್ತಾರ ಮುದ್ರಿಸಿದ್ದು. ಅಂಚು ಕೊಯ್ದು ದುಂಡಗೆ ಮಾಡಿದಾಗ ಒಳಗಿನ ಬಣ್ಣ ಬೇರೆ ಕಾಣುತ್ತದೆ. ಫುಲ್ ಬಾಡಿ ಅಂದರೂ ಒಳಗಿನ ಬಣ್ಣ ಮಾತ್ರ ಹೊಂದುತ್ತದೆ, ಗೆರೆಗಳು ಒಳಗೆ ಹೋಗಿರುವುದಿಲ್ಲ. ಭಾರದ ಕುಟ್ಟಾಣಿ ಅಂಚಿಗೆ ಬಿದ್ದರೆ ಚಕ್ಕೆ ಏಳುತ್ತದೆ, ಅದನ್ನು ಮುಚ್ಚುವುದು ಕಷ್ಟ. ಕೊಯ್ಯುವವರೂ ಒಳ್ಳೆಯವರೇ ಸಿಗಬೇಕು.

ಈ ಪೆಟ್ಟಿನ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತೆಂಗಿನಕಾಯಿಯನ್ನು ಕಟ್ಟೆಯ ಅಂಚಿಗೇ ಕುಕ್ಕಿ ಒಡೆಯುತ್ತಾರೆ. ಹಳೇ ಗ್ರಾನೈಟ್ ಕಟ್ಟೆ ತಡೆದುಕೊಂಡಿತ್ತು ಅಂತ ಹೊಸದರ ಮೇಲೆ ಪ್ರಯೋಗ ಬೇಡ. ಕ್ವಾರ್ಟ್ಜ್ ಆಗಲಿ ಪೋರ್ಸಲೀನ್ ಆಗಲಿ, ಅಂಚೇ ಅದರ ದುರ್ಬಲ ಜಾಗ. ಯುಟಿಲಿಟಿಯಲ್ಲಿ ಒಂದು ಗಟ್ಟಿ ಕಲ್ಲು ಇಟ್ಟುಕೊಳ್ಳಿ. ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್‌ಗೂ ಅಲ್ಲೇ ಜಾಗ ಮಾಡಿ.

ಅರಿಶಿನದ ಪ್ರಶ್ನೆ

ಬೇಜ್ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಅರಿಶಿನ ಬಿದ್ದರೆ?

ಆಗುವುದು ಇಷ್ಟು. ಅರಿಶಿನ ಹಾಕಿದ ಸಾಂಬಾರಿನ ಹನಿ ಬಿದ್ದ ಕೂಡಲೇ ಒರೆಸಿದರೆ ಏನೂ ಉಳಿಯುವುದಿಲ್ಲ. ರಾತ್ರಿಯಿಡೀ ಬಿಟ್ಟರೆ ತೆಳ್ಳಗೆ ಹಳದಿ ನೆರಳು ಉಳಿಯುತ್ತದೆ. ಬೆಳಿಗ್ಗೆ ಪಾತ್ರೆ ಸೋಪಿನ ಬಾರ್ ತಂದು ಉಜ್ಜಿದರೆ ಹಳದಿ ಹೋಗುವ ಬದಲು ಕೆಂಪಾಗುತ್ತದೆ, ಮನೆಯವರೆಲ್ಲ ಗಾಬರಿ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಕೆಂಪಾಗುವುದು ಇದೇ ಕಾರಣಕ್ಕೆ. ಕ್ಷಾರ ತಾಗಿದರೆ ಅರಿಶಿನದಲ್ಲಿರುವ ಕರ್ಕ್ಯುಮಿನ್ ಬಣ್ಣ ಬದಲಿಸುತ್ತದೆ. ಎರಡು ಹನಿ ನಿಂಬೆರಸ ಬಿದ್ದರೆ ಮತ್ತೆ ಹಳದಿಗೆ ತಿರುಗುತ್ತದೆ. ಕಲ್ಲಿಗೆ ಏನೂ ಆಗಿಲ್ಲ.

ಉಳಿದ ಹಳದಿಗೆ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ತೆಳು ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಹತ್ತಿಯಲ್ಲಿ ಅದ್ದಿ ಕೆಲವು ನಿಮಿಷ ಇಟ್ಟು, ನೀರಿನಲ್ಲಿ ಒರೆಸಿಬಿಡಿ. ಮೊದಲು ಮಿಕ್ಕ ತುಂಡಿನ ಮೇಲೆ ನೋಡಿಕೊಳ್ಳಿ. ಕರ್ಕ್ಯುಮಿನ್‌ಗೆ ಬೆಳಕು ಆಗುವುದಿಲ್ಲ, ಕಿಟಕಿ ಪಕ್ಕದ ಕಲೆ ತಾನಾಗೇ ಮಸುಕಾಗುತ್ತದೆ. ತಿಳಿ ಹಳದಿ ಛಾಯೆಯ ಬೇಜ್ ಆದರೆ ಆ ನೆರಳು ಕಾಣುವುದೂ ಕಡಿಮೆ. ಅಪ್ಪಟ ಬಿಳಿ ಕ್ವಾರ್ಟ್ಜ್ ಬೇಡ, ಬೇಜ್ ತಗೊಳ್ಳಿ ಅಂತ ನಾನು ಹೇಳಲು ಇದೇ ದೊಡ್ಡ ಕಾರಣ.

ಆದರೆ ಸ್ಟೀಲ್ ನಾರು, ಟಾಯ್ಲೆಟ್ ತೊಳೆಯುವ ಆ್ಯಸಿಡ್, ಸಿಂಕ್ ಕಟ್ಟಿದಾಗ ಸುರಿಯುವ ಕಾಸ್ಟಿಕ್ ಪುಡಿ, ಪೇಂಟ್ ಥಿನ್ನರ್ ಇವುಗಳಿಂದ ದೂರ ಇಡಿ. ಸ್ಟೀಲ್ ನಾರಿನ ಬೂದು ಗೆರೆ ಗೀರಿನಂತೆ ಕಾಣುತ್ತದೆ. ನಿಜಕ್ಕೂ ಅದು ಕಲ್ಲಿಗೆ ಅಂಟಿದ ಲೋಹ. ಮನೆಕೆಲಸಕ್ಕೆ ಬರುವವರಿಗೆ ಮೊದಲ ದಿನವೇ ಮೆತ್ತನೆಯ ಸ್ಪಂಜ್ ಕೈಗೆ ಕೊಟ್ಟುಬಿಡಿ.

ಯಾವ ಬೇಜ್?

ಷೋರೂಮ್‌ನಲ್ಲಿ ಎಲ್ಲ ಬೇಜ್‌ಗಳೂ ಚಂದ. ಮನೆಗೆ ಬಂದ ಮೇಲೆ ಒಂದು ಗುಲಾಬಿ ಹೊಡೆಯುತ್ತದೆ, ಇನ್ನೊಂದು ಹಸಿರು ಹೊಡೆಯುತ್ತದೆ. ಬೇಜ್ ಒಳಗೆ ಯಾವಾಗಲೂ ಇನ್ನೊಂದು ಬಣ್ಣ ಅಡಗಿರುತ್ತದೆ: ಹಳದಿ, ಗುಲಾಬಿ ಇಲ್ಲವೇ ಬೂದು. ಪಕ್ಕದಲ್ಲಿ ಬಿಳಿ ಪೇಪರ್ ಹಾಳೆ ಇಟ್ಟು ನೋಡಿ, ಅಡಗಿದ್ದು ಹೊರಗೆ ಬರುತ್ತದೆ.

ಅಂಗೈ ಅಗಲದ ಸ್ಯಾಂಪಲ್ ಸಾಲದು. ಒಂದು ಅಡಿಯಾದರೂ ಇರುವ ತುಂಡು ಕೇಳಿ, ಬೇಕಾದರೆ ಅದಕ್ಕೆ ದುಡ್ಡು ಕೊಟ್ಟು ತನ್ನಿ. ಅದನ್ನು ಕಟ್ಟೆ ಬರುವ ಎತ್ತರದಲ್ಲೇ ಮಲಗಿಸಿ ನೋಡಬೇಕು, ಗೋಡೆಗೆ ಒರಗಿಸಿ ನೋಡಿದರೆ ಬಣ್ಣ ಬೇರೆ ಕಾಣುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ನಿಮ್ಮ ದೀಪದಲ್ಲಿ ಒಮ್ಮೆ. ದೀಪದ ಮಾತು ಮುಖ್ಯ. 6500 ಕೆಲ್ವಿನ್‌ನ ಬೆಳ್ಳನೆಯ ಟ್ಯೂಬ್‌ಲೈಟ್‌ನಲ್ಲಿ ಹಳದಿ ಬೇಜ್ ಕಳೆ ಇಲ್ಲದೆ ಪೇಲವವಾಗಿ ಕಾಣುತ್ತದೆ, 2700 ಕೆಲ್ವಿನ್‌ನ ಹಳದಿ ಬಲ್ಬಿನಲ್ಲಿ ಅದೇ ಕಲ್ಲು ಬೆಣ್ಣೆಯಂತೆ. ಅಡುಗೆಮನೆಗೆ 4000ರ ಆಸುಪಾಸಿನ ದೀಪ ಹಾಕಿಸಿದರೆ ಬೇಜ್‌ಗೂ ಸರಿ, ಅಕ್ಕಿಯಲ್ಲಿ ಕಲ್ಲು ಆರಿಸಲೂ ಸರಿ.

ನೆಲ ಮರೆಯಬೇಡಿ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬಿಲ್ಡರ್ ಹಾಕಿಸಿಕೊಡುವುದು ಬಹಳ ಸಲ ಐವರಿ ಬಣ್ಣದ ವಿಟ್ರಿಫೈಡ್ ಟೈಲ್. ಅದರ ಮೇಲೆ ಸ್ವಲ್ಪವೇ ಬೇರೆಯಾದ ಬೇಜ್ ಕಟ್ಟೆ ಬಂದರೆ ಬಣ್ಣ ಹೊಂದಿಸಲು ಹೋಗಿ ತಪ್ಪಿದ ಹಾಗೆ ಕಾಣುತ್ತದೆ. ನೆಲಕ್ಕಿಂತ ಎರಡು ಹಂತ ಗಾಢವಾದದ್ದು ತಗೊಳ್ಳಿ, ಇಲ್ಲವೇ ಚುಕ್ಕೆ ಇರುವುದು ತಗೊಳ್ಳಿ. ಮೈಸೂರು, ಮಲೆನಾಡು ಕಡೆಯ ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಇದ್ದರೆ ನೀವು ಪುಣ್ಯವಂತರು. ಕೆಂಪು ನೆಲದ ಮೇಲೆ ಹಳದಿ ಬೇಜ್, ಗೋಡೆಗೆ ಸುಣ್ಣದ ಬಿಳಿ, ಮೇಲೆ ನಾಲ್ಕು ಹಿತ್ತಾಳೆ ಪಾತ್ರೆ. ಬೇರೆ ಅಲಂಕಾರವೇ ಬೇಡ.

ಶಟರ್‌ಗಳ (ಕಪಾಟಿನ ಬಾಗಿಲುಗಳ) ಬಣ್ಣದಲ್ಲಿ ಹಳದಿ ಬೇಜ್ ತೇಗದ ಬಣ್ಣದ ಲ್ಯಾಮಿನೇಟ್ ಜೊತೆ, ಮಾಸಲು ಹಸಿರಿನ ಜೊತೆ ಬಹಳ ಚೆನ್ನಾಗಿ ಕೂರುತ್ತದೆ. ಬೂದು ಬೇಜ್ ಆದರೆ ಬಿಳಿ, ಗಾಢ ನೀಲಿ, ವಾಲ್ನಟ್ ಬಣ್ಣದ ಮರ. ಗುಲಾಬಿ ಹೊಡೆಯುವ ಬೇಜ್ ಹಟಮಾರಿ, ಹಳದಿ ಮರದ ಜೊತೆ ಹೊಂದುವುದೇ ಇಲ್ಲ. ನೀಲಿ ಕಡೆಗೆ ಎಳೆಯುವ ತಣ್ಣನೆಯ ಬೂದು ಶಟರ್‌ಗೆ ಯಾವ ಹಳದಿ ಬೇಜೂ ಬೇಡ, ಕಲ್ಲು ಕೊಳೆಯಾದಂತೆ ಕಾಣುತ್ತದೆ. ಕಟ್ಟೆ ಬೇಜ್, ಗೋಡೆಯ ಡ್ಯಾಡೋ (ಕಟ್ಟೆ ಮೇಲಿನ ಗೋಡೆಯ ಹೊದಿಕೆ) ಬೇಜ್, ಶಟರ್ ಬೇಜ್ ಅಂತ ಎಲ್ಲವನ್ನೂ ಒಂದೇ ಮಾಡಿದರೆ ಫೋಟೋದಲ್ಲಿ ಚಂದ, ಮನೆಯಲ್ಲಿ ಸಪ್ಪೆ. ಯಾವುದಾದರೂ ಒಂದು ಎದ್ದು ನಿಲ್ಲಲಿ. ಒಲೆ ಹಿಂದಿನ ಗೋಡೆಗೆ ಅದೇ ಕ್ವಾರ್ಟ್ಜ್ ಹಾಕಿಸುವುದಾದರೆ ಬರ್ನರ್‌ಗೂ ಗೋಡೆಗೂ ಅಂತರ ಇರಲಿ, ದೊಡ್ಡ ಪಾತ್ರೆ ಇಟ್ಟಾಗ ಉರಿ ಹಿಂದಕ್ಕೆ ಹೊರಳುತ್ತದೆ. ಆ ಗೋಡೆಗೆ ಟೈಲ್ ಆದರೆ ನಿಶ್ಚಿಂತೆ.

ದೊಡ್ಡ ಗೆರೆಗಳ ಮಾರ್ಬಲ್ ಥರದ ಡಿಸೈನ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. 'ಎಲ್' ಆಕಾರದ ಕಟ್ಟೆಯ ಮೂಲೆಯಲ್ಲಿ ಒಂದು ಗೆರೆ ಬಂದು ತಟ್ಟನೆ ನಿಂತುಬಿಡುತ್ತದೆ. ಅದನ್ನು ಹೊಂದಿಸಿ ಕೊಯ್ಯಲು ಹೋದರೆ ಸ್ಲ್ಯಾಬ್ ವ್ಯರ್ಥ. ಸಣ್ಣ ಅಡುಗೆಮನೆಗೆ ನುಣ್ಣನೆಯ ಕಾಳಿನ ಬೇಜ್ ಸಾಕು. ಫಿನಿಶ್ ವಿಷಯದಲ್ಲಿ ಮ್ಯಾಟ್ ನೋಡಲು ಸೊಗಸು, ಆದರೆ ಎಣ್ಣೆ ಕೈಯ ಗುರುತು ಜಾಸ್ತಿ ಹಿಡಿಯುತ್ತದೆ. ದಿನಾ ಎರಡು ಹೊತ್ತು ಒಗ್ಗರಣೆ ಹಾಕುವ ಮನೆಗೆ ಪಾಲಿಶ್ ಇರುವುದೇ ವಾಸಿ.

ಸ್ಲ್ಯಾಬ್ ಲೆಕ್ಕ ಮತ್ತು ಕೊಯ್ಯುವ ಜಾಗ

ಕ್ವಾರ್ಟ್ಜ್ ಅನ್ನು ಹೆಚ್ಚಾಗಿ ಇಡೀ ಸ್ಲ್ಯಾಬ್ ಲೆಕ್ಕದಲ್ಲಿ ಕೊಡುತ್ತಾರೆ. ದೊಡ್ಡ ಸ್ಲ್ಯಾಬ್ ಒಂದು 126 ಇಂಚು ಉದ್ದ, 63 ಇಂಚು ಅಗಲ ಅಂದುಕೊಳ್ಳಿ, ಸುಮಾರು 55 ಚದರಡಿ. ಕಟ್ಟೆಯ ಅಗಲ 24 ಇಂಚು, ಶಟರ್‌ಗಿಂತ ಒಂದು ಇಂಚು ಮುಂದೆ ಚಾಚಿದರೆ 25. ಹಾಗಾಗಿ ಒಂದು ಸ್ಲ್ಯಾಬ್‌ನಲ್ಲಿ ಹತ್ತೂವರೆ ಅಡಿಯ ಎರಡು ಉದ್ದ ಪಟ್ಟಿ ಸಿಕ್ಕಿ, ಮೇಲೆ ಹನ್ನೆರಡು ಇಂಚು ಚಿಲ್ಲರೆ ಉಳಿಯುತ್ತದೆ. ನಿಮ್ಮ ಅಡುಗೆಮನೆ 10 ಅಡಿ, 8 ಅಡಿಯ 'ಎಲ್' ಆದರೆ ಮೊದಲ ಪಟ್ಟಿ 10 ಅಡಿಗೆ. ಮೂಲೆ ಕಳೆದರೆ ಇನ್ನೊಂದು ಕಡೆಗೆ ಬೇಕಾಗುವುದು ಆರಡಿಯಷ್ಟೇ. ಒಂದೇ ಸ್ಲ್ಯಾಬ್‌ನಲ್ಲಿ ಮುಗಿಯಿತು. ಎರಡನೇ ಪಟ್ಟಿಯಲ್ಲಿ ಉಳಿದ ನಾಲ್ಕೂವರೆ ಅಡಿ ವಾಶ್‌ಬೇಸಿನ್ ಕೆಳಗೆ ಹಾಕಬಹುದು, ಆ ಚಿಲ್ಲರೆ ಪಟ್ಟಿ ಗೋಡೆಯ ಅಂಚಿಗೆ 4 ಇಂಚಿನ ಸ್ಕರ್ಟಿಂಗ್ ಆಗುತ್ತದೆ. ಅದೇ ಕಟ್ಟೆ 11 ಅಡಿ ಆಯಿತು ಅನ್ನಿ, ಒಂದು ಜಾಯಿಂಟ್ ಬರುತ್ತದೆ. ಮಾಡ್ಯುಲರ್ ಡ್ರಾಯಿಂಗ್ ಮುಗಿಯುವ ಮೊದಲೇ ಈ ಲೆಕ್ಕ ಹಾಕಿದರೆ ಅರ್ಧ ಅಡಿ ಆಚೀಚೆ ಮಾಡಿ ಒಂದು ಸ್ಲ್ಯಾಬ್ ಹಣ ಉಳಿಸಬಹುದು.

ಜಾಯಿಂಟ್ ಸಿಂಕ್ ಮೇಲೆ, ಹಾಬ್ ಮೇಲೆ ಬರದಿರಲಿ. ಹಾಬ್‌ಗೆ ಕೊಯ್ಯುವ ಚೌಕದ ಒಳಮೂಲೆಗಳು ದುಂಡಗಿರಲಿ. ಚೂಪು ಮೂಲೆಯಿಂದಲೇ ಬಿರುಕು ಹೊರಡುವುದು. 15 ಎಂ.ಎಂ. ಕಲ್ಲಾದರೆ ಕೆಳಗೆ ಪೂರ್ತಿ ಪ್ಲೈವುಡ್ ಆಧಾರ ಬೇಕು. ಮುಂಭಾಗದ ಕೆಳಗೆ ಒಂದು ಸಣ್ಣ ಗ್ರೂವ್ ಹೊಡೆಸಿ. ಇಲ್ಲದಿದ್ದರೆ ಕಟ್ಟೆಯಿಂದ ಇಳಿದ ನೀರು ಕೆಳಗಿನಿಂದ ತೆವಳಿ ಶಟರ್ ಪ್ಲೈ ಸೇರುತ್ತದೆ.

ಕೊಯ್ಯುವ ಜಾಗದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಬೆಣಚಿನ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ವಾಸಿಯಾಗದ ಕಾಯಿಲೆ. ಗ್ರಾನೈಟ್‌ನಲ್ಲೂ ಸಿಲಿಕಾ (ಬೆಣಚಿನ ಅಂಶ) ಇದೆ, ಆದರೆ ಕ್ವಾರ್ಟ್ಜ್‌ನಲ್ಲಿ ಅದಕ್ಕಿಂತ ಬಹಳ ಜಾಸ್ತಿ. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಲ್ಲಿನ ಬಳಕೆಯನ್ನೇ ನಿಷೇಧಿಸಿತು. ಕೂರಿಸಿದ ಕಟ್ಟೆಯಿಂದ ಮನೆಯವರಿಗೆ ತೊಂದರೆ ಇಲ್ಲ, ತೊಂದರೆ ಕೊಯ್ಯುವವರಿಗೆ. ನಮ್ಮಲ್ಲಿ ಹುಡುಗರು ಬಾಯಿಗೆ ಟವೆಲ್ ಕಟ್ಟಿಕೊಂಡು ಫ್ಲಾಟ್‌ನ ಬಾಲ್ಕನಿಯಲ್ಲೇ ನೀರು ಹಾಕದೆ ಕಟರ್ ಹಿಡಿದು ಕೊಯ್ಯುತ್ತಾರೆ. ಇಡೀ ಫ್ಲೋರ್ ಬಿಳಿ ಬಿಳಿ. ಅಳತೆ ಕೊಟ್ಟು ಕಾರ್ಖಾನೆಯಲ್ಲೇ ನೀರು ಹರಿಸುವ ಯಂತ್ರದಲ್ಲಿ ಕೊಯ್ಸಿ, ಸಿಂಕ್, ಹಾಬ್ ತೂತು ಸಮೇತ. ಸ್ವಲ್ಪ ಜಾಸ್ತಿ ಕೇಳುತ್ತಾರೆ, ಕೊಡಿ. ಅಂಚೂ ನೀಟಾಗಿ ಬರುತ್ತದೆ.

ಅಡುಗೆಮನೆಯ ಆಚೆ

ಬಚ್ಚಲುಮನೆಯ ವಾಶ್‌ಬೇಸಿನ್ ಕಟ್ಟೆಗೆ ಬೇಜ್ ಕ್ವಾರ್ಟ್ಜ್ ಕಣ್ಣು ಮುಚ್ಚಿ ಹಾಕಿಸಬಹುದು. ಅಲ್ಲಿ ಬಿಸಿ ಇಲ್ಲ, ಬಿಸಿಲಿಲ್ಲ. ತಲೆಗೆ ಹಚ್ಚುವ ಡೈ ಬಿದ್ದರೆ ಮಾತ್ರ ಆಗಲೇ ಒರೆಸಿ. ದೇವರ ಮನೆಗೆ ಹಾಕಿಸುವವರು ಕರ್ಪೂರ, ದೀಪ ಎರಡಕ್ಕೂ ತಟ್ಟೆ ಇಡಲೇಬೇಕು. ಕುಂಕುಮದ ಬಣ್ಣವೂ ಬೇಜ್ ಮೇಲೆ ಕೂರುತ್ತದೆ. ಅಲ್ಲಿಗೆ ಗ್ರಾನೈಟ್ ಒಳ್ಳೆಯದು. ತೆರೆದ ಯುಟಿಲಿಟಿ, ಬಾಲ್ಕನಿ, ಟೆರೇಸ್‌ಗೆ ಕ್ವಾರ್ಟ್ಜ್ ಬೇಡ, ಬಿಸಿಲಿಗೆ ಹಳದಿಯಾಗುತ್ತದೆ. ಆಗ್ನೇಯದ ಅಡುಗೆಮನೆಯ ಪೂರ್ವದ ಕಿಟಕಿಯಿಂದ ಬೆಳಗಿನ ಎಳೆ ಬಿಸಿಲು ಬರುವುದು ಅಷ್ಟು ಚಿಂತೆಯ ವಿಷಯವಲ್ಲ. ಪಶ್ಚಿಮದ ದೊಡ್ಡ ಕಿಟಕಿ ಆದರೆ ಪರದೆ ಹಾಕಿ.

ಹಾಗಾದರೆ ಯಾರು ಏನು ಹಾಕಿಸಬೇಕು

ಗಂಡ ಹೆಂಡತಿ ಇಬ್ಬರೇ ಅಡುಗೆ ಮಾಡುವ ಮನೆ, ಬೋರ್ ನೀರು, ಐವರಿ ನೆಲ, ಮಾಡ್ಯುಲರ್ ಕಿಚನ್: ಚುಕ್ಕೆ ಇರುವ ಹಳದಿ ಬೇಜ್ ಕ್ವಾರ್ಟ್ಜ್, 20 ಎಂ.ಎಂ. ಇಪ್ಪತ್ತು ಜನರಿಗೆ ಹಬ್ಬದಡುಗೆ ಮಾಡುವ ಕೂಡು ಕುಟುಂಬ: ಗ್ರಾನೈಟೇ ಇರಲಿ. ಬಣ್ಣ ಬೇಕೆಂದರೆ ಒಲೆ ಕಡೆ ಗ್ರಾನೈಟ್, ತರಕಾರಿ ಹೆಚ್ಚುವ ಕಡೆ, ಊಟದ ಕೌಂಟರ್‌ಗೆ ಬೇಜ್ ಕ್ವಾರ್ಟ್ಜ್. ಬಾಡಿಗೆಗೆ ಕೊಡುವ ಮನೆಗೆ ಕ್ವಾರ್ಟ್ಜ್ ಹಾಕಿಸಬೇಡಿ, ಬಾಡಿಗೆಯವರು ಕಾವಲಿ ಎಲ್ಲಿಡುತ್ತಾರೆ ಅಂತ ನೀವು ಕಾಯುತ್ತಾ ಕೂರಲಾಗುವುದಿಲ್ಲ. ಬಿಸಿಯ ಭಯವೂ ಬೇಡ, ಬೇಜ್ ಬಣ್ಣವೂ ಬೇಕು, ಒಳ್ಳೆಯ ಕೆಲಸಗಾರರೂ ಸಿಕ್ಕಿದ್ದಾರೆ ಅಂದರೆ ಪೋರ್ಸಲೀನ್ ಸ್ಲ್ಯಾಬ್ ನೋಡಿ.

ಮುಂಗಡ ಕೊಡುವ ಮುಂಚೆ ತುಂಡಿನ ಮೇಲೆ ಎರಡು ಪರೀಕ್ಷೆ ಮಾಡಿ. ಟಾಯ್ಲೆಟ್ ಕ್ಲೀನರ್‌ನ ಒಂದು ಹನಿ ಹಿಂಬದಿಗೆ ಹಾಕಿ, ನೊರೆ ಎದ್ದರೆ ಅದರಲ್ಲಿ ಬೆಣಚಿನ ಬದಲು ಸುಣ್ಣದ ಕಲ್ಲಿನ ಪುಡಿ ಬೆರೆಸಿದ್ದಾರೆ. ಚಾಕುವಿನ ಮೊನೆಯಲ್ಲಿ ಎಳೆದು ನೋಡಿ. ಒರೆಸಿದರೆ ಹೋಗುವ ಬೂದು ಗೆರೆ ಬಂದರೆ ಸರಿ, ಉಗುರಿಗೆ ಸಿಗುವ ಗೀರು ಬಂದರೆ ಆ ಮಾಲು ಬೇಡ. ಅಂಚು ನೋಡಿ, ಮೇಲಿನ ಬಣ್ಣ ಕೆಳಗಿನ ತನಕ ಇದೆಯಾ ಅಂತ.

ಕೊಟೇಶನ್‌ನಲ್ಲಿ ಚದರಡಿ ದರ ಒಂದನ್ನೇ ನೋಡಿ ಹೋಲಿಸಬೇಡಿ. ಅಂಚಿನ ಪಾಲಿಶ್ ಅಡಿ ಲೆಕ್ಕದಲ್ಲಿ ಬೇರೆ, ಸಿಂಕ್ ತೂತು ಬೇರೆ, ಹಾಬ್ ತೂತು ಬೇರೆ, ಸಾಗಣೆ ಬೇರೆ, ಲಿಫ್ಟ್‌ನಲ್ಲಿ ಹಿಡಿಸದ ಸ್ಲ್ಯಾಬ್ ಮೆಟ್ಟಿಲಲ್ಲಿ ಹೊತ್ತರೆ ಅದು ಬೇರೆ, ಜಿಎಸ್‌ಟಿ ಸೇರಿದೆಯಾ ಇಲ್ಲವಾ ಅದೂ ಬೇರೆ. ಎಲ್ಲ ಸೇರಿದ ಒಟ್ಟು ಮೊತ್ತ ಬರೆಸಿಕೊಳ್ಳಿ. ಎರಡು ಸ್ಲ್ಯಾಬ್ ಬೇಕಾದರೆ ಎರಡರ ಹಿಂದೆಯೂ ಒಂದೇ ಲಾಟ್ ನಂಬರ್ ಇರುವುದನ್ನು ನೀವೇ ಕಣ್ಣಾರೆ ನೋಡಿ. ಬೇಜ್‌ನಲ್ಲಿ ಲಾಟ್ ಬದಲಾದರೆ ಜಾಯಿಂಟ್ ಹತ್ತಿರ ತಕ್ಷಣ ಗೊತ್ತಾಗುತ್ತದೆ. ಮಿಕ್ಕ ತುಂಡುಗಳು ನಿಮ್ಮವೇ, ದುಡ್ಡು ಕೊಟ್ಟಿರುತ್ತೀರಿ. ಅವನ್ನು ಕೇಳಿ ಪಡೆದು ಲಾಫ್ಟ್ ಮೇಲೆ ಹಾಕಿಡಿ. ಮುಂದೆ ಅಂಚು ಚಕ್ಕೆ ಎದ್ದರೆ ಅದೇ ಬಣ್ಣದ ಪುಡಿ ಎಪಾಕ್ಸಿ ಅಂಟಿಗೆ ಬೆರೆಸಿ ತುಂಬಲು ಅದೇ ಬೇಕಾಗುತ್ತದೆ.